ವಡಾಲದ ಕರ್ನಲ್ ಮಹಾಶಯರು ಅಳೆದುಕೊಟ್ಟ ಎಂಟು ಎಂಬಿ

ಮಾನ್ಯ ಕರ್ನಲ್ ಮಹಾಶಯರೇ,

ವಡಾಲದ ನಮ್ಮ ಕನ್ನಡ ಬಳಗದ ಕಚೇರಿಯಲ್ಲಿ, ನೀರಿನ ಫಿಲ್ಟರ್ ಪಕ್ಕದ ಮೇಜಿನ ಮೇಲಿರುವ ಕಂಪ್ಯೂಟರಿನ ಒಳಗೆ ಆಪರೇಟಿಂಗ್ ಸಿಸ್ಟಂನ ತಿರುಳಾಗಿ ಯಾರ ಕಣ್ಣಿಗೂ ಬೀಳದೆ ಕುಳಿತು, ಯಾವ ಪ್ರೋಗ್ರಾಂ ಎಷ್ಟು ಹೊತ್ತು ಓಡಬೇಕು, ಯಾರಿಗೆ ಎಷ್ಟು ಮೆಮೊರಿ ಸಿಗಬೇಕು ಎಂದು ಹಗಲಿರುಳು ಹಂಚಿಕೊಡುತ್ತಿರುವ ತಮ್ಮ ಸನ್ನಿಧಿಗೆ ಚೆಂಬೂರಿನ ನಿವೃತ್ತ ಸಿಸ್ಟಂ ಅಧಿಕಾರಿ ನಾಣಿಯ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ನೂರ ನಲವತ್ತು ದಿನಗಳಿಂದ ಒಮ್ಮೆಯೂ ಆಫ್ ಆಗಿಲ್ಲವೆಂದು ತಾವೇ ಪರದೆಯ ಮೇಲೆ ಬರೆದುಕೊಂಡಿದ್ದೀರಿ.

ಇನ್ನು ನನ್ನ ಅಹವಾಲು. ನನ್ನ ತಮ್ಮನ ಮಗಳು ಭಾವನಾ ಮತ್ತು ದಹಿಸರಿನ ಆರ್ಯ ಒಬ್ಬರನ್ನೊಬ್ಬರು ಮೆಚ್ಚಿದ್ದಾರೆ, ಎರಡೂ ಮನೆಯವರಿಗೆ ಒಪ್ಪಿಗೆ. ಆದರೆ ಹುಡುಗನ ಅಜ್ಜಿ ನಾಗರತ್ನಮ್ಮನವರು, ಎರಡೂ ಮನೆತನ ಹಾಸನದ ಕಡೆಯವು, ಹಿಂದೆ ಎಲ್ಲೋ ಹೆಣ್ಣು ಕೊಟ್ಟು ತಂದಿದ್ದಾರೆ, ವರಸೆಯಲ್ಲಿ ಇವರಿಬ್ಬರು ಅಣ್ಣ ತಂಗಿ ಆಗಿಬಿಟ್ಟರೆ ಏನು ಗತಿ ಎಂದು ಕೇಳಿದರು. ಅದನ್ನು ಬಿಡಿಸಿ ಹೇಳಬಲ್ಲ ಹಿರಿಯರು ಯಾರೂ ಈಗಿಲ್ಲ. ಆಗ ನಾನು, ಹೆಂಡತಿ ರಮಾಮಣಿ ಮೇಜಿನ ಕೆಳಗೆ ಕಾಲು ತುಳಿಯುತ್ತಿದ್ದರೂ ಲೆಕ್ಕಿಸದೆ, ಬಳಗದ ವಂಶಾವಳಿಯಷ್ಟೂ ಕಂಪ್ಯೂಟರಿನಲ್ಲಿದೆ, ನನ್ನ ಪ್ರೋಗ್ರಾಂ ಒಂದು ಕ್ಷಣದಲ್ಲಿ ಹೇಳುತ್ತದೆ ಎಂದು ಮಾತು ಕೊಟ್ಟುಬಿಟ್ಟೆ.

ಹೆಣ್ಣು ಯಾವ ಮನೆಯಿಂದ ಬಂತು, ಯಾವ ಮನೆಗೆ ಹೋಯಿತು ಎಂಬ ಜಾಡು ಹಿಡಿದು ನನ್ನ ಪ್ರೋಗ್ರಾಂ ಮನೆಯಿಂದ ಮನೆಗೆ ಹೋಗುತ್ತದೆ. ಒಂದು ಮನೆಯ ವಿಚಾರಣೆಯನ್ನು ಅರ್ಧಕ್ಕೆ ಬಿಟ್ಟು ಮುಂದಿನ ಮನೆಗೆ ಹೊರಡುವಾಗ, ವಾಪಸು ಬರುವ ನೆನಪಿಗೆ ಒಂದು ಚೀಟಿ ಬರೆದು ಹಿಂದಿನ ಚೀಟಿಯ ಮೇಲಿಡುತ್ತದೆ. ಈ ಚೀಟಿಗಳ ಅಟ್ಟಿಗೇ ಸ್ಟ್ಯಾಕ್ ಎನ್ನುತ್ತಾರೆಂದು ತಮಗೆ ಹೇಳುವುದು ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದ ಹಾಗೆ. ಹೆಂಗಸರ ವಯಸ್ಸು, ಗಂಡಸರ ಎರಡನೇ ಮದುವೆ ಎಲ್ಲ ದಾಖಲಾಗಿರುವುದರಿಂದ ವಂಶಾವಳಿಗೆ ಬೀಗ ಹಾಕಿದ್ದೇವೆ. ತೆರೆಯಲು ಕಂಪ್ಯೂಟರಿನ ಯಜಮಾನನ ಅಧಿಕಾರ, ಅಂದರೆ ರೂಟ್ ಅಧಿಕಾರ ಬೇಕು. ಯಾರು ಓಡಿಸಿದರೂ ಆ ಅಧಿಕಾರ ಬರುವಂತೆ ನನ್ನ ಪ್ರೋಗ್ರಾಮಿಗೆ ಮುದ್ರೆ ಒತ್ತಿದ್ದೆ. ಜಾಗ ಸಾಲದೆ ಹೋಗಬಾರದೆಂದು, ಸ್ಟ್ಯಾಕಿಗೆ ಮಿತಿಯೇ ಬೇಡವೆಂದು ತಮಗೆ ಮೊದಲೇ ಅರ್ಜಿಯನ್ನೂ ಕೊಟ್ಟೆ. ತಾವು ಹೂಂ ಅಂದಿರಿ. ಆದರೆ ಪ್ರೋಗ್ರಾಂ ಯಜಮಾನನ ಪೇಟ ಸುತ್ತಿಕೊಂಡ ಗಳಿಗೆಯಲ್ಲೇ ಅರ್ಜಿಯನ್ನು ಬದಿಗಿಟ್ಟು ಎಂಟು ಎಂಬಿ ಅಳೆದುಕೊಟ್ಟು, ಅಷ್ಟು ಚೀಟಿ ತುಂಬಿದ್ದೇ ತಡ, ‘ಸೆಗ್ಮೆಂಟೇಶನ್ ಫಾಲ್ಟ್’ ಎಂಬ ಒಂದೇ ಸಾಲಿನ ನೋಟೀಸು ಕೊಟ್ಟು ಹೊರದಬ್ಬಿದಿರಿ. ಯಂತ್ರದಲ್ಲಿ ಹತ್ತಾರು ಜಿಬಿ ಖಾಲಿ ಬಿದ್ದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಹಿರಿಯರು ಹೇಳಿದ್ದು ತಮ್ಮನ್ನು ನೋಡಿಯೇ ಇರಬೇಕು.

ತಮ್ಮ ನ್ಯಾಯಕ್ಕೆ ತಲೆಬಾಗಿದೆ ಸ್ವಾಮಿ. ಯಾವ ಅಧಿಕಾರವೂ ಇಲ್ಲದ ಪ್ರೋಗ್ರಾಮಿಗೆ ಕೇಳಿದಷ್ಟು ಜಾಗ, ಅಧಿಕಾರ ಎರವಲು ಪಡೆದದ್ದಕ್ಕೆ ಮಾತ್ರ ಎಂಟು ಎಂಬಿ. ಮುಂಬಯಿಗೆ ಬಂದು ನಲವತ್ತು ವರ್ಷವಾಯಿತು. ಅಧಿಕಾರ ಬಂದ ಮೇಲೆ ಯಾರ ಜಾಗವೂ ಚಿಕ್ಕದಾದದ್ದನ್ನು ನಾನು ಕಂಡಿಲ್ಲ. ನಮ್ಮ ಬಿಲ್ಡಿಂಗಿಗೆ ಸೆಕ್ರೆಟರಿಯಾದವರು ಮೊದಲು ಮಾಡುವ ಕೆಲಸ ಮೆಟ್ಟಿಲ ಕೆಳಗಿನ ಜಾಗಕ್ಕೆ ಗ್ರಿಲ್ ಹಾಕಿಸಿ ತಮ್ಮ ಸೈಕಲ್ ಇಡುವುದು.

ಕಾರಣವನ್ನೂ ಓದಿ ತಿಳಿದುಕೊಂಡೆ. ಅಧಿಕಾರವಿಲ್ಲದ ಯಾರೋ ಒಬ್ಬ, ಅಧಿಕಾರವುಳ್ಳ ಪ್ರೋಗ್ರಾಮನ್ನು ಓಡಿಸುವ ಮುಂಚೆ ಅದರ ಸ್ಟ್ಯಾಕಿನ ಮಿತಿಯನ್ನು ಮನಸ್ಸಿಗೆ ಬಂದಷ್ಟು ಹಿಗ್ಗಿಸಿ, ಮೆಮೊರಿಯೊಳಗೆ ಯಾರು ಎಲ್ಲಿರಬೇಕೆಂಬುದನ್ನೇ ಏರುಪೇರು ಮಾಡಿ, ಆ ಗೊಂದಲದಲ್ಲಿ ಅಧಿಕಾರವನ್ನು ಕದಿಯಬಹುದೆಂಬ ಭಯವಂತೆ. ನಮ್ಮ ವಾಚ್‌ಮನ್ ಶಿವಪುತ್ರನ ಹತ್ತಿರ ಮೂವತ್ತೆರಡು ಮನೆಗಳ ಕೀಲಿ ಇದೆ, ಕೂರಲು ಒಂದೇ ಕುರ್ಚಿ ಹಿಡಿಸುವ ಕ್ಯಾಬಿನ್. ಆ ಕ್ಯಾಬಿನ್ ಎಷ್ಟು ದೊಡ್ಡದಿರಬೇಕೆಂದು ಗೇಟಿಗೆ ಬಂದ ಅಪರಿಚಿತ ಹೇಳಬಾರದು ಎಂಬುದು ನನಗೂ ಗೊತ್ತು. ಆ ಅಪರಿಚಿತ ನಾನೇ ಎಂದು ತಾವು ತಿಳಿದಿರಲ್ಲ, ನೋವಾದದ್ದು ಅದಕ್ಕೆ.

ಬಳಗದ ಕಚೇರಿ ತೆರೆಯುವುದು ಭಾನುವಾರ ಮಾತ್ರ. ಹೀಗೆ ಐದು ಭಾನುವಾರ ಕಳೆದವು. ಭಾವನಾ ಪ್ರತಿ ಶನಿವಾರ ಫೋನ್ ಮಾಡಿ, “ದೊಡ್ಡಪ್ಪಾ, ಈ ಸಂಡೇ ಪಕ್ಕಾ ನಾ?” ಎಂದು ಕೇಳುತ್ತಿದ್ದಳು. ಆರನೆಯ ಶನಿವಾರ ಫೋನ್ ಬರಲಿಲ್ಲ. ಅದರ ಬದಲು ನಾಗರತ್ನಮ್ಮನವರ ಮಾತು ಬಂತು: “ನಾಳೆ ಒಂದಿನ ನೋಡ್ತೀವಿ, ಆಮೇಲೆ ನಮ್ಮ ದಾರಿ ನಮಗೆ.” ನನ್ನ ಬಡಾಯಿಯಿಂದ ಹುಡುಗಿಯ ಮದುವೆ ಮುರಿಯುತ್ತದಲ್ಲ ಎಂದು ನನಗೆ ಅನ್ನ ಸೇರಲಿಲ್ಲ.

ತಮ್ಮ ಸಹವಾಸವೇ ಬೇಡವೆಂದು, ಬಳಗದ ಅಪ್ಪಣೆ ಪಡೆದು ಮನೆಗೆ ತಂದಿಟ್ಟುಕೊಂಡಿದ್ದ ವಂಶಾವಳಿಯ ಪ್ರತಿಯನ್ನು ಅಂದೇ ನನ್ನ ಲ್ಯಾಪ್‌ಟಾಪಿಗೆ ಹಾಕಿ, ಅಧಿಕಾರದ ಮುದ್ರೆಯಿಲ್ಲದೆ, ಮಿತಿಯಿಲ್ಲದ ಸ್ಟ್ಯಾಕಿನಲ್ಲಿ ಓಡಿಸಿದೆ. ಅಲ್ಲಿರುವ ತಮ್ಮ ಸೋದರರು ಧಾರಾಳಿ, ಕೇಳಿದಷ್ಟೂ ಕೊಟ್ಟರು. ಪ್ರೋಗ್ರಾಂ ಓಡಿಯೇ ಓಡಿತು, ಯಂತ್ರ ಕಾದು ಹೆಂಚಾಯಿತು. ಗಹನವಾಗಿ ಯೋಚಿಸುತ್ತಿದೆ ಎಂದು ನಂಬಿ ನಾನು ಅದರ ಮುಂದೆ ಟೇಬಲ್ ಫ್ಯಾನ್ ಇಟ್ಟೆ. ಕೊನೆಗೆ ಮೌಸ್ ಕೂಡ ಅಲುಗಾಡದೆ ಎಲ್ಲವೂ ನಿಂತಿತು.

ಕಾಫಿ ತಂದ ರಮಾಮಣಿ, ಪರದೆಯ ಮೇಲೆ ನಿಂತುಹೋಗಿದ್ದ ಮನೆತನಗಳ ಹೆಸರನ್ನು ಓದಿ, “ರೀ, ಇದು ಎರಡೇ ಮನೆ ಸುತ್ತುತಾ ಇದೆಯಲ್ರೀ” ಎಂದಳು. ನೋಡಿದರೆ ಹೌದು. ನಾಗರತ್ನಮ್ಮನವರು ಮದುವೆಯಾದದ್ದು ಸ್ವಂತ ಸೋದರಮಾವನನ್ನು. ಅವರ ತಾಯಿ ಯಾವ ಮನೆಯಿಂದ ಬಂದಿದ್ದರೋ ಮಗಳು ಅದೇ ಮನೆಗೆ ಸೊಸೆಯಾಗಿ ಹೋದರು. ಬಂದ ಸಂಬಂಧದಿಂದಲೇ ಹಿಂದಿರುಗಬೇಡ ಎಂದು ಪ್ರೋಗ್ರಾಮಿಗೆ ಹೇಳಿದ್ದೆ. ಇನ್ನೊಂದು ಸಂಬಂಧ ಹಿಡಿದು ಅದೇ ಮನೆಗೆ ಬರಬಹುದೆಂಬುದು, ಅಕ್ಕನ ಮಗಳನ್ನು ತಂದುಕೊಳ್ಳುವ ಜನರ ನಡುವೆ ಹುಟ್ಟಿ ಬೆಳೆದ ನನಗೆ ಹೊಳೆಯಲೇ ಇಲ್ಲ. ತಾಯಿಯ ಮನೆ, ಮಗಳ ಮನೆ, ಮತ್ತೆ ತಾಯಿಯ ಮನೆ ಎಂದು ಅದು ಚೀಟಿ ಬರೆಯುತ್ತಲೇ ಇತ್ತು.

“ಲಗ್ನಪತ್ರಿಕೆ ಹಂಚುವಾಗ ನಾನು ಹೋಗಿಬಂದ ಮನೆಗೆ ಪಟ್ಟೀಲಿ ಗೆರೆ ಎಳೀತೀನಿ. ಇಲ್ದಿದ್ರೆ ಲೋಕಲ್ ಹಿಡಿದು ದಹಿಸರ್‌ಗೆ ಎರಡು ಸಲ ಹೋಗಬೇಕಾಗುತ್ತೆ. ನಿಮ್ಮ ಪ್ರೋಗ್ರಾಂ ಗೆರೆ ಎಳೆಯಲ್ವೇನು?” ಎಂದು ಕೇಳಿದಳು. ಎಳೆಯುತ್ತಿರಲಿಲ್ಲ.

ಮೂರು ಸಾಲು ಸೇರಿಸಿ, ಭಾನುವಾರ ಬೆಳಿಗ್ಗೆ ವಡಾಲಕ್ಕೆ ಬಂದು, ತಮ್ಮ ಎಂಟು ಎಂಬಿಯೊಳಗೇ ಓಡಿಸಿದೆ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು: ಆರ್ಯ, ಭಾವನಾಗೆ ಸೋದರತ್ತೆ ಮಗನ ವರಸೆ. ಅಷ್ಟು ಜಾಗದ ಒಂದು ಮೂಲೆಯೂ ತುಂಬಿರಲಿಲ್ಲ. ಸುದ್ದಿ ಹೇಳಿದಾಗ ಭಾವನಾ ಫೋನಿನಲ್ಲೇ ಅತ್ತಳು, ನಾನೂ ಅತ್ತೆ.

ಆದಕಾರಣ ದೂರನ್ನು ಹಿಂದಕ್ಕೆ ತೆಗೆದುಕೊಳ್ಳದೆಯೇ ಒಂದು ಬಿನ್ನಹ. ಮದುವೆ ವಡಾಲದಲ್ಲೇ, ಬಳಗದ ಅಧ್ಯಕ್ಷರಾದ ಸದಾನಂದರು ಎರಡು ಮಾತಾಡಲು ಒಪ್ಪಿದ್ದಾರೆ. ಕಳೆದ ಮದುವೆಯಲ್ಲಿ ಅವರ ಎರಡು ಮಾತು ಮುಗಿಯುವಷ್ಟರಲ್ಲಿ ಹುಳಿ ಆರಿತ್ತು. ಅವರು ಮೈಕೆಂಬ ಅಧಿಕಾರವನ್ನು ಧರಿಸಿದ ಗಳಿಗೆಯಿಂದ ತಾವು ಎಂಟು ನಿಮಿಷ ಅಳೆದುಕೊಟ್ಟು, ತುಂಬಿದ ಕೂಡಲೇ ತಮ್ಮ ಆ ಒಂದು ಸಾಲಿನ ನೋಟೀಸು ಕೊಡುವ ಕೃಪೆ ಮಾಡಬೇಕು.

ಕೊಟ್ಟಷ್ಟರಲ್ಲೇ ಬಾಳಲು ಕಲಿತ,
ತಮ್ಮ ವಿಶ್ವಾಸಿ,
ನಾಣಿ, ಚೆಂಬೂರು

ತಾ.ಕ.: ಈ ಪತ್ರವನ್ನು ರಮಾಮಣಿಗೆ ಓದಿ ಹೇಳಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದಷ್ಟೇ ಹೇಳಿ, ಹುಡುಗಿಯ ದೊಡ್ಡಪ್ಪನೆಂಬ ಅಧಿಕಾರದಲ್ಲಿ ನಾನು ಮದುವೆಯ ಸಭೆಯಲ್ಲಿ ಮಾತಾಡಲು ಮೂರು ನಿಮಿಷ ಗೊತ್ತು ಮಾಡಿದಳು. ಮಿತಿಯೇ ಬೇಡವೆಂದು ಅರ್ಜಿ ಹಾಕಿದ್ದೇನೆ. ಹೂಂ ಅಂದಿದ್ದಾಳೆ. ತಾವೂ ಹಾಗೇ ಅಂದಿದ್ದಿರಿ.