ಚೀನಾ ಬ್ಯಾಂಕಿನಲ್ಲಿ ನನ್ನ ಗಂಟು

ಬೇರೆಯವರು ದುಡ್ಡನ್ನು ಸೊಸೈಟಿಯಲ್ಲೋ ಚಿನ್ನದಲ್ಲೋ ಇಟ್ಟು ನೆಮ್ಮದಿಯಾಗಿರುತ್ತಾರೆ. ನನ್ನದು ಚೀನಾದ ಬ್ಯಾಂಕಿನಲ್ಲಿ ಯುವಾನ್ ಆಗಿ ಕೂತಿದ್ದರಿಂದ ನನಗೆ ಇಂಥ ಪ್ರಸಂಗಗಳೇ ಬಡ್ಡಿಯಾಗಿ ಬರುತ್ತಿರುತ್ತವೆ.

ನಾನು ಪುತ್ತೂರು ಕಡೆಯ ಕೊಲ್ಲಮೊಗ್ರು ಎಂಬ ಹಳ್ಳಿಯವಳು, ಯೋಗ ಟೀಚರ್. ಕೆಲವು ವರ್ಷ ಚೀನಾದ ಒಂದು ನಗರದಲ್ಲಿ ಯೋಗ ಕಲಿಸಿದೆ. ಸಂಬಳ ಅಲ್ಲಿನ ಖಾತೆಗೇ ಬೀಳುತ್ತಿತ್ತು. ಆಮೇಲೆ ನಾನು ಊರಿಗೆ ಬಂದೆ, ದುಡ್ಡು ಬರಲಿಲ್ಲ. ನಡುವೆ ಪಾಸ್‌ಪೋರ್ಟ್ ನವೀಕರಿಸಿದಾಗ ಅದರ ನಂಬರ್ ಬದಲಾಗಿತ್ತು. ಹಳೇ ನಂಬರಿನವಳೂ ಹೊಸ ನಂಬರಿನವಳೂ ಒಬ್ಬಳೇ ಎಂದು ಬ್ಯಾಂಕಿಗೆ ನಂಬಿಕೆ ಬರುವವರೆಗೆ ಒಂದು ಕಾಸೂ ಅಲ್ಲಾಡುವಂತಿಲ್ಲ. ಇತ್ತ ಪುತ್ತೂರಿನಲ್ಲಿ ಯೋಗ ಕ್ಲಾಸಿಗೆಂದು ಒಂದು ಹಾಲ್ ನೋಡಿಟ್ಟಿದ್ದೆ. ಬೇಗ ಅಡ್ವಾನ್ಸ್ ಕೊಡದಿದ್ದರೆ ಅದು ಕೋಳಿ ಅಂಗಡಿಯವರ ಪಾಲಾಗುವುದಿತ್ತು. ಆ ಹಾಲ್ ಮೇಲೆ ನನಗೆ ಎಷ್ಟು ಆಸೆಯಿತ್ತೆಂದರೆ, ಯಾವ ಕಿಟಕಿಯ ಪಕ್ಕ ಯಾರನ್ನು ಶವಾಸನದಲ್ಲಿ ಮಲಗಿಸುವುದೆಂದು ಕೂಡ ಲೆಕ್ಕ ಹಾಕಿಯಾಗಿತ್ತು.

ವಾರಂಟಿ

ಹಾಲ್‌ನ ಮಾಲೀಕರು ಹಿಂದೆ ಪಾತ್ರೆ ಅಂಗಡಿ ಇಟ್ಟಿದ್ದವರು. ಯಾವ ವಸ್ತುವನ್ನೂ ಒಮ್ಮೆ ಬೆರಳಿನಿಂದ ಬಡಿದು ನೋಡದೆ ಒಪ್ಪುವವರಲ್ಲ. ನನ್ನ ದುಡ್ಡು ಚೀನಾದಲ್ಲಿದೆ, ಸ್ವಲ್ಪ ಸಮಯ ಕೊಡಿ ಎಂದು ಕೇಳಿಕೊಂಡೆ. ಅವರು ಒಳಗೆ ಹೋಗಿ ಒಂದು ಟಾರ್ಚ್ ತಂದು ನನ್ನ ಎದುರಿಗೆ ಇಟ್ಟರು. ಒತ್ತಿದರೆ ಉರಿಯಲಿಲ್ಲ. ಇದೂ ಚೀನಾದ್ದೇ, ಒಂದು ಮಳೆಗಾಲ ಬಾಳಿಕೆ ಬರಲಿಲ್ಲ ಎಂದರು.

ದುಡ್ಡು ಇಲ್ಲಿಗೆ ಬರುವಾಗ ರೂಪಾಯಿಯಾಗಿಯೇ ಬರುತ್ತದೆ, ಅದರ ಮೇಲೆ ಚೀನಾದ ಗುರುತು ಏನೂ ಇರುವುದಿಲ್ಲ ಎಂದು ತಿಳಿಸಿ ಹೇಳಿದೆ. ಅವರು ಟಾರ್ಚನ್ನು ಇನ್ನೊಮ್ಮೆ ಬೆರಳಿನಿಂದ ಬಡಿದು ನೋಡಿದರು. ಕೊನೆಗೆ ತಿಂಗಳ ಕೊನೆಯವರೆಗೆ ಕಾಯಲು ಒಪ್ಪಿದರು. ನಾನು ಮೆಟ್ಟಿಲು ಇಳಿಯುತ್ತಿದ್ದಾಗ ಹಿಂದಿನಿಂದ ಕರೆದರು.

"ಬಂದ ಕೂಡಲೇ ನನಗೆ ಕೊಡುದು ಬೇಡ. ಒಂದು ವಾರ ನಿಮ್ಮ ಖಾತೆಯಲ್ಲೇ ಇಟ್ಟು ನೋಡಿ. ಹಾಳಾಗದಿದ್ದರೆ ಆಮೇಲೆ ಕೊಡಿ."

ಹೊಸ ಬೆಳೆ

ನನ್ನ ಚಿಕ್ಕಪ್ಪನಿಗೆ ಕಡಬದಲ್ಲಿ ರಬ್ಬರ್ ವ್ಯಾಪಾರ. ದಿನಾ ಬೆಳಿಗ್ಗೆ ನನಗೆ ಫೋನ್ ಮಾಡಿ, ಯುವಾನ್ ಈಗ ಕೊಡಬೇಡ, ಮಾರ್ಕೆಟ್ ಬಿಗಿ ಉಂಟು, ಇನ್ನೂ ಮೇಲೆ ಹೋಗ್ತದೆ ಎನ್ನುತ್ತಿದ್ದರು. ಕೊಡುವುದಿರಲಿ, ಮುಟ್ಟಲಿಕ್ಕೂ ಬ್ಯಾಂಕಿನವರು ಬಿಡುವುದಿಲ್ಲ ಎಂದು ಹೇಳಿದರೆ, ಹಾಗಾದರೆ ಸ್ಟಾಕ್ ಸೇಫ್ ಉಂಟು ಎಂದು ಸಮಾಧಾನಪಟ್ಟರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಅಂಗಡಿಯ ಎದುರಿನ ಕರಿ ಹಲಗೆಯಲ್ಲಿ ರಬ್ಬರ್ ಶೀಟಿನ ರೇಟು, ಸ್ಕ್ರಾಪಿನ ರೇಟು, ಅದರ ಕೆಳಗೆ ಯುವಾನಿನ ರೇಟನ್ನೂ ಬರೆಯಲು ಶುರುಮಾಡಿದರು.

ನಮ್ಮ ಕಡೆಯ ಕೃಷಿಕರು ವೆನಿಲ್ಲಾದಿಂದ ರಂಬುಟಾನ್‌ವರೆಗೆ ಯಾವುದನ್ನೂ ನೆಟ್ಟು ನೋಡದೆ ಬಿಟ್ಟವರಲ್ಲ. ಶೀಟು ಮಾರಲು ಬಂದ ಒಬ್ಬ ಹಿರಿಯರು ಹಲಗೆ ಓದಿ, ಈ ಯುವಾನ್ ಎಂಬುದು ಎಂತದ್ದು ಎಂದು ವಿಚಾರಿಸಿದರು. ಚಿಕ್ಕಪ್ಪನಿಗೆ ತಕ್ಕಡಿಯ ಮೇಲೆ ಕಣ್ಣು. ಅದು ಚೀನಾದ್ದು, ನಮ್ಮ ಅಣ್ಣನ ಮಗಳು ಮಾಡಿದ್ದಾಳೆ, ಸುಮ್ಮನೆ ಬಿಟ್ಟರೂ ಬೆಳೀತದೆ ಎಂದುಬಿಟ್ಟರು. ಹಿರಿಯರು ತೂಕ ಮುಗಿಯುವವರೆಗೂ ಅಲ್ಲೇ ನಿಂತು ಮೆಲ್ಲ ಹೇಳಿದರಂತೆ:

"ಮಂಗ ತಿನ್ನುದಿಲ್ಲ ಅಂತಾದರೆ ನನಗೂ ಐವತ್ತು ಸಸಿಗೆ ಹೇಳಿ ಮಾರಾಯ್ರೆ."

ರಸ್ತೆ

ಕೊಲ್ಲಮೊಗ್ರಿನಲ್ಲಿ ನಮ್ಮ ನೆರೆಮನೆಯ ಮಾವ ಮಹಾ ದೇಶಭಕ್ತರು. ನನ್ನ ದುಡ್ಡು ಎಲ್ಲಿದೆ ಎಂದು ಗೊತ್ತಾದ ದಿನದಿಂದ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಒಂದು ದಿನ ಬಸ್ಸಿಗೆ ಕಾಯುವಾಗ ತಡೆಯಲಾಗದೆ ತರಾಟೆಗೆ ತೆಗೆದುಕೊಂಡರು. ನೀನು ಅಲ್ಲಿ ಇಟ್ಟ ದುಡ್ಡಿನಲ್ಲಿ ಅವರು ಗಡಿಯವರೆಗೆ ರಸ್ತೆ ಮಾಡ್ತಾರೆ, ಗೊತ್ತುಂಟಾ ಎಂದರು. ನಾನು ಬಸ್ಸು ಬರುವ ದಿಕ್ಕಿಗೆ ನೋಡಿದೆ.

ಬಸ್ಸು ಬರಲಿಲ್ಲ. ಮಾವನ ಸಿಟ್ಟು ಇಳಿಯಿತು. ಅವರು ರಸ್ತೆ ಮಾಡಲಿಕ್ಕೆ ಎಷ್ಟು ಸಮಯ ತಕ್ಕೊಳ್ತಾರೆ ಎಂದು ಕೇಳಿದರು. ನಾನು ಕಂಡದ್ದನ್ನೇ ಹೇಳಿದೆ. ಬೆಳಿಗ್ಗೆ ಕ್ಲಾಸಿಗೆ ಹೋಗುವಾಗ ಅಗೆದಿಟ್ಟದ್ದು ಸಂಜೆ ವಾಪಸ್ ಬರುವಾಗ ಡಾಂಬರು ಆಗಿತ್ತು. ಮಾವ ನಮ್ಮ ರಸ್ತೆಯ ಹೊಂಡಗಳನ್ನು ಒಮ್ಮೆ ನೋಡಿದರು. ಆಚೀಚೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು.

"ಹೇಗೂ ನಿನ್ನ ದುಡ್ಡು ಅಲ್ಲೇ ಉಂಟಲ್ಲ. ನಮ್ಮ ಮನೆಯವರೆಗೆ ಒಂದು ತುಂಡು ಹಾಕಿ ಕೊಡ್ಲಿಕ್ಕೆ ಹೇಳು."

ಕೀ ಗೊಂಚಲು

ಬ್ಯಾಂಕಿನ ಆ್ಯಪ್‌ನಲ್ಲಿ ಮುಖ ತೋರಿಸಿ ನಾನು ನಾನೇ ಎಂದು ಸಾಬೀತು ಮಾಡಬೇಕು. ಕಣ್ಣು ಮಿಟುಕಿಸು, ಬಾಯಿ ತೆರೆ, ತಲೆ ಆಡಿಸು ಎಂದು ಅದು ಚೀನೀ ಭಾಷೆಯಲ್ಲಿ ಅಪ್ಪಣೆ ಕೊಡುತ್ತದೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಹಾಗಾಗಿ ಕಡಬದ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಹೇಳಿದ್ದನ್ನೆಲ್ಲ ಮಾಡತೊಡಗಿದೆ. ಆ್ಯಪ್ ಒಪ್ಪಲಿಲ್ಲ. ಇನ್ನೂ ದೊಡ್ಡದಾಗಿ ಬಾಯಿ ತೆರೆದೆ, ಇನ್ನೂ ಜೋರಾಗಿ ತಲೆ ಆಡಿಸಿದೆ.

ಪಕ್ಕದಲ್ಲಿದ್ದ ಹೆಂಗಸು, ಅಯ್ಯೋ ಇವಳಿಗೆ ಫಿಟ್ಸ್ ಬಂತು, ಕೈಗೆ ಕಬ್ಬಿಣ ಕೊಡಿ ಎಂದು ಕೂಗಿದರು. ರಿಕ್ಷಾದವರೊಬ್ಬರು ಓಡಿಬಂದು ತಮ್ಮ ಕೀ ಗೊಂಚಲನ್ನು ನನ್ನ ಮುಷ್ಟಿಯೊಳಗೆ ತುರುಕಿದರು. ಇನ್ನಿಬ್ಬರು ಬಿಡದ ಹಾಗೆ ನನ್ನ ಮುಷ್ಟಿ ಅದುಮಿ ಹಿಡಿದರು. ಯಾರೋ ತಲೆಗೆ ನೀರು ತಟ್ಟಿದರು. ನನಗೆ ಏನೂ ಆಗಿಲ್ಲ ಎಂದರೆ, ಫಿಟ್ಸ್ ಬಂದವರು ಹಾಗೇ ಹೇಳುದು ಎಂದು ಆ ಹೆಂಗಸು ಎಲ್ಲರಿಗೂ ತಿಳಿಸಿದರು. ಅಷ್ಟರಲ್ಲಿ ಆ್ಯಪ್ ನನ್ನನ್ನು ಹೊರಗೆ ಹಾಕಿತ್ತು. ನಾನು ಒದ್ದೆ ತಲೆಯಲ್ಲಿ ಕೂತಿರುವಾಗ ರಿಕ್ಷಾದವರು ಸಂಕೋಚದಿಂದ ಬಗ್ಗಿ ಕೇಳಿದರು:

"ಅಕ್ಕ, ನಿಮಗೆ ಪೂರ್ತಿ ಗುಣ ಆಗುವಾಗ ಎಷ್ಟು ಹೊತ್ತಾಗ್ಬಹುದು? ನನಗೊಂದು ಬಾಡಿಗೆ ಉಂಟು."

ಕತ್ತಿ ಹಿಡಿದವರು ಯಾರು?

ಆ್ಯಪ್ ಕೈಬಿಟ್ಟ ಮೇಲೆ ಬ್ಯಾಂಕಿನವರು ಕೊನೆಯ ಅವಕಾಶವೆಂದು ವಿಡಿಯೋ ಕಾಲ್ ಗೊತ್ತುಮಾಡಿದರು. ಅದೂ ತಪ್ಪಿದರೆ ನಾನೇ ಚೀನಾಕ್ಕೆ ಹೋಗಬೇಕು, ಹಾಲ್ ಕೋಳಿಗಳಿಗೆ ಹೋಗುತ್ತದೆ. ಚಿಕ್ಕಪ್ಪನ ಮನೆಯಲ್ಲಿ ವೈಫೈ ಇದ್ದುದರಿಂದ ಅವ್ವನನ್ನೂ ಕರೆದುಕೊಂಡು ಬೆಳಿಗ್ಗೆಯೇ ಅಲ್ಲಿಗೆ ಹೋಗಿ ಫೋನಿನ ಎದುರು ಕೂತೆ. 

ಪರದೆಯಲ್ಲಿ ಒಬ್ಬ ಯುವ ಅಧಿಕಾರಿಣಿ ಕಾಣಿಸಿಕೊಂಡಳು. ಬಹಳ ಮರ್ಯಾದೆಯ ಹುಡುಗಿ. ಚೀನೀ ಭಾಷೆಯಲ್ಲಿ ಹೆಸರು ಕೇಳಿದಳು, ಹಳೇ ಪಾಸ್‌ಪೋರ್ಟ್, ಹೊಸ ಪಾಸ್‌ಪೋರ್ಟ್ ಎರಡನ್ನೂ ನೋಡಿದಳು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಚಿಕ್ಕಪ್ಪನಿಗೆ ಬ್ಯಾಂಕ್ ಆಫೀಸರು ಬಂದಾಗ ಬೊಂಡ, ಅಂದರೆ ಎಳನೀರು, ಕೊಟ್ಟು ಅಭ್ಯಾಸ. ಫೋನಿನಲ್ಲಿ ಬಂದರೂ ಆಫೀಸರ್ ಆಫೀಸರೇ ಎಂದು ಕತ್ತಿಯಲ್ಲಿ ಬೊಂಡ ಕೆತ್ತುತ್ತಾ ನನ್ನ ಬೆನ್ನ ಹಿಂದೆ ಬಂದು ಇಣುಕಿದರು. ಹುಡುಗಿಯ ನಗು ಮಾಯವಾಯಿತು. ನಿಮ್ಮ ಹಿಂದೆ ಕತ್ತಿ ಹಿಡಿದು ನಿಂತವರು ಯಾರು ಎಂದು ಕೇಳಿದಳು. ಚಿಕ್ಕಪ್ಪ ಎಂದೆ. ಅವಳು ನಂಬಲಿಲ್ಲ. ಜನರನ್ನು ಕೂಡಿಹಾಕಿ ಅವರ ಖಾತೆ ಖಾಲಿ ಮಾಡಿಸುವ ಮೋಸಗಾರರ ವಿಷಯ ಅವಳಿಗೆ ಗೊತ್ತಿತ್ತು. ದನಿ ತಗ್ಗಿಸಿ, ನೀವು ಅಪಾಯದಲ್ಲಿದ್ದರೆ ಮಾತಾಡಬೇಡಿ, ಸುಮ್ಮನೆ ತಲೆ ಆಡಿಸಿ ಎಂದಳು.

ಸರಿಯಾಗಿ ಅದೇ ಕ್ಷಣಕ್ಕೆ ಒಳಗಿನಿಂದ ಅವ್ವ, ಚಾ ಮಾಡ್ಲಾ ಎಂದು ಕೇಳಿದರು. ನಾನು ತಲೆ ಆಡಿಸಿದೆ.

ಹುಡುಗಿ ಹೆದರಬೇಡಿ ಎಂದು ನನಗೆ ಧೈರ್ಯ ಹೇಳಿ, ಖಾತೆಗೆ ಪೂರ್ತಿ ಬೀಗ ಹಾಕಿಸಲು ಇನ್ನೊಂದು ಫೋನ್ ಎತ್ತಿದಳು. ನಾನು ಅಂಗಲಾಚಿದಷ್ಟೂ ಅವಳಿಗೆ ಅನುಮಾನ ಬಲವಾಯಿತು. ಏನೋ ಎಡವಟ್ಟಾಗಿದೆ ಎಂದು ತಿಳಿದ ಚಿಕ್ಕಪ್ಪ ಸಹಾಯಕ್ಕೆಂದು ಮುಂದೆ ಬಂದು, ಒಂದು ಕೈಯಲ್ಲಿ ಬೊಂಡ, ಇನ್ನೊಂದು ಕೈಯಲ್ಲಿ ಕತ್ತಿ ಎತ್ತಿ ತೋರಿಸಿ ನಕ್ಕರು. ನನಗೆ ಅಳು ತಡೆಯಲಾಗಲಿಲ್ಲ. ಹಾಲ್ ಹೋಯಿತು ಎಂದು ಗಟ್ಟಿಯಾಗಿಯೇ ಅತ್ತುಬಿಟ್ಟೆ.

ಚಾ ಹಿಡಿದು ಬಂದ ಅವ್ವ ಲೋಟವನ್ನು ಕುಕ್ಕಿ ಶುರುಮಾಡಿದರು. ಬೆಳಿಗ್ಗೆಯಿಂದ ಒಂದು ತುಂಡು ದೋಸೆ ತಿಂದಿಲ್ಲ, ತಲೆ ಬಾಚಿಲ್ಲ, ಬ್ಯಾಂಕಿನವರ ಎದುರು ಈ ಹಳೇ ಅಂಗಿಯಲ್ಲಾ ಕೂರುದು, ಆ ಹುಡುಗಿಯನ್ನು ನೋಡು ಎಷ್ಟು ಚಂದ ಬಾಚಿದ್ದಾಳೆ, ಶಾಲೆಯಲ್ಲಿ ಕೆಲಸಕ್ಕೆ ಸೇರು ಎಂದರೆ ಕೇಳಿದೆಯಾ ಎಂದು ಉಸಿರು ಬಿಡದೆ ಬೈದರು. ಹುಡುಗಿ ಕಿವಿಯ ಬಳಿ ಹಿಡಿದ ಫೋನನ್ನು ಹಾಗೇ ಹಿಡಿದು ಕೇಳುತ್ತಿದ್ದಳು. ಏನು ಹೇಳುತ್ತಿದ್ದಾರೆ ಎಂದು ನನ್ನನ್ನು ಕೇಳಿದಳು. ನಾನು ಮೂಗು ಒರೆಸುತ್ತಾ ಒಂದನ್ನೂ ಬಿಡದೆ ಅನುವಾದ ಮಾಡಿದೆ.

ಅವಳು ಫೋನ್ ಕೆಳಗಿಟ್ಟಳು.

"ಇವರು ತಾಯಿಯೇ. ಬೇರೆ ದಾಖಲೆ ಬೇಡ. ಹಣ ಬಿಡುತ್ತಿದ್ದೇನೆ, ನೀವು ಮೊದಲು ಎದ್ದು ತಲೆ ಬಾಚಿಕೊಳ್ಳಿ."