ಟೀಚರಮ್ಮನ ಪೆಟ್ಟಿಗೆಗೆ ವಿಶ್ರಾಂತಿ

ಒಂದು ಇಂಟರ್ನೆಟ್ ಬಿಲ್ಲು ಬಂತು, ಅಷ್ಟೇ ಆಗಿದ್ದು. ಆದರೆ ಅದು ಬಂದದ್ದು ನಿವೃತ್ತ ಲೆಕ್ಕದ ಟೀಚರಮ್ಮನ ಹೆಸರಿಗೆ. ಬಿಲ್ಲು ಕಳಿಸಿದ ಕಂಪನಿಯಲ್ಲಿ ಗ್ರಾಫಣ್ಣನ ಕೆಲಸ, ಟೀಚರಮ್ಮನ ಮಹಡಿಯಲ್ಲಿ ಗ್ರಾಫಣ್ಣನ ಬಾಡಿಗೆ ಮನೆ. ಪಾಪ, ಹೋಗಲಿ ಎಂದರೂ ಎಲ್ಲಿಗೆ ಹೋಗುತ್ತಾನೆ?

ಗ್ರಾಫಣ್ಣ ಎನ್ನುವುದು ಆಫೀಸಿನವರು ಇಟ್ಟ ಹೆಸರು. ಯಾವ ಮನೆಯವರು ಎಷ್ಟು ಡೇಟಾ ಬಳಸಿದರು ಎಂದು ತೋರಿಸುವ ಗೆರೆಗಳನ್ನು ಬೆಳಿಗ್ಗೆಯಿಂದ ಸಂಜೆವರೆಗೆ ನೋಡುವುದೇ ಅವನ ಉದ್ಯೋಗ. ಬಳಸಿದಷ್ಟಕ್ಕೆ ಬಿಲ್ಲು. ಆ ದಿನ ಬೆಳಿಗ್ಗೆ ಅವನು ಟಿಫನ್ ಡಬ್ಬಿ ಹಿಡಿದು ಇಳಿಯುವಾಗ ಟೀಚರಮ್ಮ ಕೊನೆಯ ಮೆಟ್ಟಿಲಿಗೆ ಅಡ್ಡ ನಿಂತಿದ್ದರು.

"ಏನಪ್ಪಾ ಇದು? ಒಂದೇ ತಿಂಗಳಲ್ಲಿ ನಾನು ಇಡೀ ಊರು ಬಳಸೋಷ್ಟು ಬಳಸಿದೀನಂತೆ. ನಾನು ನೋಡೋದು ಮೊಮ್ಮಗಳ ಮುಖ, ಬಿಟ್ರೆ ಒಂದು ಧಾರಾವಾಹಿ."

"ಏನೋ ತಪ್ಪಾಗಿರಬೇಕು ಟೀಚರ್. ನೋಡ್ತೀನಿ."

"ನೋಡು. ಸಂಜೆಯೊಳಗೆ ಈ ಬಿಲ್ಲು ಹೋಗಬೇಕು. ಇಲ್ಲಾ, ನೀನು ಹೋಗಬೇಕು."

ಮಹಡಿಯಿಂದ ಹೆಂಡತಿಯ ದನಿ ಬಂತು. "ರೀ, ಈ ಮನೆ ಸಿಗೋಕೆ ಎಂಟು ತಿಂಗಳು ಅಲೆದಿದೀವಿ."

ಆಫೀಸಿನಲ್ಲಿ ಮ್ಯಾನೇಜರು ಬಿಲ್ಲನ್ನೂ ಅವನ ಮುಖವನ್ನೂ ಒಂದಾದ ಮೇಲೊಂದು ನೋಡಿದರು. "ನಿಮ್ಮ ಮನೆ ಓನರ್ರು, ಅಲ್ವೇನ್ರೀ? ಅವರ ಬಿಲ್ಲು ನೀವು ಕಡಿಮೆ ಮಾಡಿಸಿದ್ರೆ ಜನ ಏನಂತಾರೆ? ಬಾಡಿಗೆ ಬದಲು ಬಿಲ್ಲು ಮನ್ನಾ ಅಂತಾರೆ. ಮೀಟರ್ ಏನು ಹೇಳುತ್ತೋ ಅದೇ ಲೆಕ್ಕ. ಅದನ್ನ ಮುಟ್ಟಿದ್ರೆ ನಾಳೆಯಿಂದ ಬರಬೇಡಿ."

ಅತ್ತ ಮನೆ, ಇತ್ತ ಕೆಲಸ. ಆರು ವರ್ಷದಿಂದ 'ಸರಿ ಸಾರ್' ಬಿಟ್ಟು ಎರಡನೇ ಮಾತು ಕಲಿಯದಿದ್ದ ಗ್ರಾಫಣ್ಣನಿಗೆ ಆ ಗಳಿಗೆಯಲ್ಲಿ ಎಲ್ಲಿಲ್ಲದ ಸಿಟ್ಟು ಬಂತು.

"ಮೀಟರ್ ತಪ್ಪು ಹೇಳ್ತಿದೆ ಸಾರ್. ಐದು ಗಂಟೆಯೊಳಗೆ ತೋರಿಸ್ತೀನಿ. ತೋರಿಸದಿದ್ರೆ ನೀವು ಹೇಳೋದೇ ಬೇಡ, ರಾಜೀನಾಮೆ ನಾನೇ ಬರೀತೀನಿ."

ಹೇಳಿ ಹೊರಬಂದ. ಅಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಮೇಜುಮೇಜಿಗೆ ತಲುಪಿತ್ತು. ಬಿಲ್ಲು ಮುದ್ರಿಸುವ ಅಕ್ಕ ಕುರ್ಚಿ ಎಳೆದುಕೊಂಡು ಬಂದಳು. "ಪಕ್ಕದ ಮನೆಯವರು ಕದೀತಿದಾರೆ. ನಮ್ಮ ನಾದಿನಿ ಮನೇಲೂ ಹಾಗೇ ಆಗಿತ್ತು." ಕೇಬಲ್ ಎಳೆಯುವವನಿಗೆ ಏಣಿ ಎಂದೇ ಹೆಸರು. ಅವನದು ಬೇರೆ ವಾದ. "ಇಲಿ ಕಡಿದಿದೆ ಸಾರ್."

"ಇಲಿ ಕಡಿದ್ರೆ ಡೇಟಾ ನಿಲ್ಲುತ್ತೆ ಕಣೋ, ಜಾಸ್ತಿ ಹೇಗಾಗುತ್ತೆ?" ಎಂದ ಗ್ರಾಫಣ್ಣ.

"ಇಲಿ ವಿಷಯ ನಿಮಗೆ ಗೊತ್ತಿಲ್ಲ, ಬಿಡಿ," ಎನ್ನುತ್ತಲೇ ಏಣಿ ಇಲಿ ಹುಡುಕಲು ಹೋಗಿ ಯಾವುದೋ ವೈರು ಕಿತ್ತ. ಒಳಗೆ ದೊಡ್ಡ ಸಾಹೇಬರೊಡನೆ ವಿಡಿಯೋದಲ್ಲಿ ಮಾತಾಡುತ್ತಿದ್ದ ಮ್ಯಾನೇಜರು ಸಾಹೇಬರ ಪರದೆಯ ಮೇಲೆ ಬಾಯಿ ತೆರೆದಂತೆಯೇ ನಿಂತುಹೋದರು. ಬೈಗುಳ ಬಿದ್ದದ್ದು ಗ್ರಾಫಣ್ಣನಿಗೆ.

ಅವನು ತಲೆ ತಗ್ಗಿಸಿ ಟೀಚರಮ್ಮನ ಗೆರೆಯನ್ನೇ ನೋಡಿದ. ದಿನವೆಲ್ಲ ಚಾಪೆಯ ಹಾಗೆ ನೆಲಕ್ಕಂಟಿದ ಗೆರೆ ಮಧ್ಯಾಹ್ನ ಒಂದೂವರೆಗೆ ಎದ್ದು ಆಕಾಶಕ್ಕೆ ಹೋಗುತ್ತಿತ್ತು. ಮೂವತ್ತು ದಿನವೂ ಅದೇ ಹೊತ್ತಿಗೆ. ಗ್ರಾಫಣ್ಣ ರಜೆಯನ್ನೂ ಕೇಳದೆ ಮನೆಗೆ ಓಡಿದ.

ಟೀಚರಮ್ಮನ ನಡುಮನೆಯಲ್ಲಿ ಇಂಟರ್ನೆಟ್ ಪೆಟ್ಟಿಗೆಯ ಎದುರು ಕುಳಿತ. ಸರಿಯಾಗಿ ಒಂದು ಗಂಟೆಗೆ ಅವರು ಊಟ ಮುಗಿಸಿ ಬಂದು, ಪೆಟ್ಟಿಗೆಯ ಸ್ವಿಚ್ಚು ಆರಿಸಿ, ಮೇಲೊಂದು ಟವೆಲು ಹೊದಿಸಿದರು.

"ಏನು ಟೀಚರ್ ಇದು?"

"ಬೇಸಿಗೆ ಶುರುವಾಯ್ತಲ್ಲ, ಬೆಳಿಗ್ಗೆಯಿಂದ ದುಡಿದು ಮೈ ಬಿಸಿಯಾಗಿರುತ್ತೆ ಅದಕ್ಕೆ. ಅರ್ಧ ಗಂಟೆ ಮಲಗಲಿ. ನಾನೂ ಮಲಗ್ತೀನಿ."

ಗ್ರಾಫಣ್ಣ ಎದ್ದು ಕುಣಿಯುವುದೊಂದು ಬಾಕಿ. "ಸಿಕ್ತು ಟೀಚರ್. ಆರಿಸಿದ್ರೆ ಇದರ ಮೀಟರ್ ಸೊನ್ನೆಯಿಂದ ಶುರುವಾಗುತ್ತೆ. ಹಳೇ ಸ್ಕೂಟರಿನ ಮೀಟರ್ ಒಂಬತ್ತುಗಳೆಲ್ಲ ಮುಗಿದ ಮೇಲೆ ಸೊನ್ನೆಗೆ ಬರುತ್ತಲ್ಲ, ಇದೂ ಹಾಗೇ ಒಂದು ಸುತ್ತು ಮುಗಿಸಿ ಬಂತು ಅಂತ ನಮ್ಮ ಕಂಪ್ಯೂಟರ್ ತಿಳ್ಕೊಂಡು, ಇಡೀ ಸುತ್ತನ್ನ ನಿಮ್ಮ ತಲೆಗೆ ಕಟ್ಟುತ್ತೆ."

"ಕೂಡೋದು ಕಳೆಯೋದು ಬರದ ಕಂಪ್ಯೂಟರು," ಎಂದರು ಟೀಚರಮ್ಮ. "ಅದಕ್ಕೇನು ಮಾಡ್ತೀಯಾ?"

"ಐದೈದು ನಿಮಿಷಕ್ಕೆ ಅದು ಮೀಟರ್ ಓದುತ್ತೆ. ನಡುವೆ ಪೆಟ್ಟಿಗೆ ಆರಿ ಹೊತ್ತಿದ್ರೆ ಆ ಐದು ನಿಮಿಷ ಲೆಕ್ಕಕ್ಕೇ ತಗೋಬೇಡ ಅಂತ ಬರೆದುಬಿಡ್ತೀನಿ," ಎಂದು ಗ್ರಾಫಣ್ಣ ಎದೆಯುಬ್ಬಿಸಿ ಹೇಳಿದ.

ನಾಲ್ಕೂವರೆಗೆ ಅವನು ಮ್ಯಾನೇಜರ ಕೋಣೆಗೆ ಬಾಗಿಲು ತಟ್ಟದೆ ನುಗ್ಗಿದ. ಅವರ ಪೆಟ್ಟಿಗೆಯನ್ನೇ ಆರಿಸಿ ಹೊತ್ತಿಸಿ, ಐದು ನಿಮಿಷ ಕಾದು, ಪರದೆ ತಿರುಗಿಸಿದ. ಮ್ಯಾನೇಜರು ಒಬ್ಬರೇ ಇಡೀ ಊರಿನ ಡೇಟಾ ನುಂಗಿದ್ದರು.

"ಈ ಬಿಲ್ಲು ನೀವೇ ಕಟ್ತೀರಾ ಸಾರ್?" ಎಂದ ಗ್ರಾಫಣ್ಣ. ಬಿಲ್ಲಿನ ಅಕ್ಕ ಬಾಗಿಲ ಬಳಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಮ್ಯಾನೇಜರು ಕೆಮ್ಮಿ, ಟೀಚರಮ್ಮನ ಬಿಲ್ಲು ರದ್ದು ಮಾಡಿ, ಹೊಸ ನಿಯಮವನ್ನು ಎಲ್ಲ ಗಿರಾಕಿಗಳಿಗೂ ಹಾಕಿಸಿದರು. ಕೆಳಗೆ ಗ್ರಾಫಣ್ಣನ ಸಹಿಯನ್ನೂ ಹಾಕಿಸಿಕೊಂಡರು.

ಆರೂವರೆಗೆ ಅವನು ರಾಜಗಾಂಭೀರ್ಯದಿಂದ ತನ್ನ ಬೀದಿಗೆ ಕಾಲಿಟ್ಟ. ಮನೆಮನೆಯ ಕಿಟಕಿಯಿಂದಲೂ ಒಂದೇ ಧಾರಾವಾಹಿಯ ಅಳು ಕೇಳುತ್ತಿತ್ತು. ಟೀಚರಮ್ಮ ಗೇಟಿನಲ್ಲಿ ಕೈಗಡಿಯಾರ ಹಿಡಿದು ನಿಂತಿದ್ದರು. "ಆರಿಸಿ," ಎಂದು ಕೂಗಿದರು. ಬೀದಿಯುದ್ದಕ್ಕೂ ಸ್ವಿಚ್ಚುಗಳು ಟಕ್ ಎಂದವು, ಅಳು ನಿಂತಿತು.

"ಏನು ಟೀಚರ್ ಇದು?"

"ನಿನ್ನ ನಿಯಮಾನೇ ಕಣಪ್ಪಾ. ಪ್ರತಿ ಐದು ನಿಮಿಷದಲ್ಲಿ ಒಂದ್ಸಲ ಆರಿಸಿ ಹೊತ್ತಿಸಿದ್ರೆ ಯಾವ ಐದು ನಿಮಿಷಾನೂ ಲೆಕ್ಕಕ್ಕಿಲ್ಲ. ಮಧ್ಯಾಹ್ನವೇ ಕೂತು ಬಿಡಿಸಿದೆ, ಬೀದಿಗೆಲ್ಲ ಹೇಳಿಕೊಟ್ಟೆ."

"ಇದು ಮೋಸ ಟೀಚರ್."

"ಬಳಸದೇ ಇದ್ದದ್ದಕ್ಕೆ ಬಿಲ್ಲು ಹಾಕಿದ್ರಲ್ಲ, ಅದೇನು ಧರ್ಮವಾ? ನಿನ್ನ ಕಂಪನಿಗೆ ಹೇಳಿ ನೋಡು. ಮಹಡಿಯಿಂದ ನಿನ್ನ ಸಾಮಾನು ಇಳಿಸೋಕೆ ಏಳು ಜನ ರೆಡಿ ಇದಾರೆ." ಎದುರು ಮನೆಯ ವರಾಂಡದಲ್ಲಿ ಏಳು ಜನವೂ ಇದ್ದರು.

ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮ್ಯಾನೇಜರು. "ಏನ್ರೀ, ನಿಮ್ಮ ನಿಯಮ ಹಾಕಿದ ಮೇಲೆ ಒಂದು ಬೀದಿ ಪೂರ್ತಿ ಸೊನ್ನೆ ಬರ್ತಿದೆ. ನಿಮ್ಮದೇ ಬೀದಿ. ಸಹಿಯೂ ನಿಮ್ಮದೇ. ಬೆಳಿಗ್ಗೆ ಬರುವಾಗ ಕಾರಣ ತನ್ನಿ, ಇಲ್ಲಾ ರಾಜೀನಾಮೆ ತನ್ನಿ."

ಗ್ರಾಫಣ್ಣನಿಗೆ ಮತ್ತೆ ಸಿಟ್ಟು ನೆತ್ತಿಗೇರಿತು. ಎರಡೆರಡು ಮೆಟ್ಟಿಲು ಹಾರಿ ಮನೆಗೆ ನುಗ್ಗಿದ. "ನಾಳೆ ಆಫೀಸಿನಲ್ಲಿ ಎಲ್ಲಾ ಹೇಳಿಬಿಡ್ತೀನಿ ಕಣೆ. ಮನೆ ಹೋದ್ರೆ ಹೋಗಲಿ. ನಾನು ಯಾರಿಗೂ ಹೆದರೋನಲ್ಲ."

"ಧಾರಾಳವಾಗಿ ಹೇಳಿ," ಎಂದಳು ಹೆಂಡತಿ, ಗೋಡೆ ಗಡಿಯಾರದಿಂದ ಕಣ್ಣು ತೆಗೆಯದೆ. "ಅದಕ್ಕೆ ಮೊದಲು, ಮಹಡಿ ಮನೆಯ ಲೆಕ್ಕವೂ ಸೊನ್ನೆ ಯಾಕೆ ಅಂತ ಅವರು ಕೇಳಿದ್ರೆ ಏನು ಹೇಳೋದು, ಅದನ್ನ ಯೋಚನೆ ಮಾಡ್ಕೊಳ್ಳಿ. ಸ್ವಲ್ಪ ಜರುಗಿ ರೀ, ನೀವು ಸ್ವಿಚ್ಚಿಗೆ ಅಡ್ಡ ನಿಂತಿದೀರಿ."