ತೂತಿನ ಜಾಕೀಟು

ಅನುಮಾನ ನನ್ನ ಸ್ವಭಾವವಲ್ಲ, ಕಸುಬು. ಈ ಮಾತನ್ನು ನೆಂಟರಿಷ್ಟರಿಗೆ ಎಷ್ಟು ಸಲ ಹೇಳಿದರೂ ನಂಬುವುದಿಲ್ಲ. ಹೇಳುವವನು ನಾನಾದ್ದರಿಂದ ಇದರಲ್ಲೂ ಏನೋ ಇರಬೇಕು ಅಂದುಕೊಳ್ಳುತ್ತಾರೆ. ಬಂಗಾರಪೇಟೆಗೂ ಕೆಜಿಎಫ್‌ಗೂ ನಡುವೆ ಇರುವ ನಮ್ಮೂರಿನ ಡೇರಿಯಲ್ಲಿ ನಾನು ಹಾಲು ಪರೀಕ್ಷೆ ಮಾಡುವವನು. ಇಪ್ಪತ್ತು ವರ್ಷದಿಂದ ಬೆಳಗ್ಗೆ ಆರು ಗಂಟೆಗೆ ಎದ್ದು ಕೂತು, ಕ್ಯಾನು ಹಿಡಿದು ಬಂದವರ ಮುಖ ಮೊದಲು ನೋಡಿ, ಆಮೇಲೆ ಹಾಲು ನೋಡಿ, ಗಾಜಿನ ಕಡ್ಡಿ ಮುಳುಗಿಸಿ, ಇದರಲ್ಲಿ ಹಸುವಿನದು ಎಷ್ಟು, ಬೋರ್‌ವೆಲ್ಲಿನದು ಎಷ್ಟು ಎಂದು ಹೇಳುವುದು ನನ್ನ ಕೆಲಸ. ಹೀಗೆ ಬದುಕಿದವನಿಗೆ ಮದುವೆ ಮನೆಯಲ್ಲಿ ಪಾಯಸ ಬಡಿಸಿದರೂ ಕೈ ತಾನಾಗಿ ಲೋಟ ಅಲ್ಲಾಡಿಸಿ ನೋಡುತ್ತದೆ. ಒಂದು ಮದುವೆಯಲ್ಲಿ ನಾನು ಹಾಗೆ ನೋಡಿದ್ದನ್ನು ಹುಡುಗಿಯ ಕಡೆಯವರು ಕಂಡು, ಎರಡು ವರ್ಷ ನಮ್ಮನ್ನು ಯಾವ ಸಮಾರಂಭಕ್ಕೂ ಕರೆಯಲಿಲ್ಲ.

ಇಂಥವನಿಗೆ ನಲವತ್ತೇಳನೆಯ ವಯಸ್ಸಿನಲ್ಲಿ ಮೋಟರ್ ಸೈಕಲ್ ಗಂಟುಬಿತ್ತು. ಈ ವರ್ಷದಿಂದ ಪಕ್ಕದೂರಿನ ಡೇರಿಯನ್ನೂ ನನ್ನ ತಲೆಗೆ ಕಟ್ಟಿದ್ದಾರೆ. ಬೆಳಗ್ಗೆ ನಮ್ಮೂರು, ಸಂಜೆ ಆ ಊರು, ನಡುವೆ ಹನ್ನೊಂದು ಗಂಟೆಗೆ ಸ್ಯಾಂಪಲ್ ಬಾಟಲಿಗಳನ್ನು ಹೊತ್ತುಕೊಂಡು ಬಂಗಾರಪೇಟೆಗೆ ಹೋಗಿಬರಬೇಕು. ಬಸ್ಸು ನಂಬಿದರೆ ಹಾಲು ದಾರಿಯಲ್ಲೇ ಮೊಸರಾಗುತ್ತದೆ. ಹಾಗಾಗಿ ಗಾಡಿ ಕೊಂಡೆ. ಕಲಿತದ್ದು ಕೆಜಿಎಫ್‌ನ ಕೋರಮಂಡಲ್‌ನಲ್ಲಿ, ಗಣಿ ಮುಚ್ಚಿದ ಮೇಲೆ ಅಲ್ಲಿ ಬಯಲಿಗೇನೂ ಬರವಿಲ್ಲ, ಬಿದ್ದರೆ ನೋಡಿ ನಗುವವರೂ ಕಡಿಮೆ. ಚಿನ್ನ ತೆಗೆದು ಸುರಿದ ಸೈನೈಡ್ ಮಣ್ಣಿನ ದಿಬ್ಬದ ಪಕ್ಕದಲ್ಲಿ ಗಾಣದೆತ್ತಿನ ಹಾಗೆ ಸುತ್ತಿದೆ. ನಾಲ್ಕನೆಯ ದಿನ ಬಿದ್ದೆ. ನಡೆಯುವವರಿಗಿಂತ ಸ್ವಲ್ಪ ಜೋರಾಗಿ ಹೋಗುತ್ತಿದ್ದೆ, ಅಷ್ಟೆ. ಆದರೂ ಮೊಣಕೈಯ ಚರ್ಮ ಅಂಗೈಯಗಲ ಎದ್ದು ಹೋಗಿತ್ತು.

ಆ ಗಾಯ ತೊಳೆದವಳು ನನ್ನ ಹೆಂಡತಿ ಸರೋಜ. ಅವಳು ಕೆಜಿಎಫ್‌ನ ನಂದಿದುರ್ಗದ ಕಾರ್ಮಿಕರ ಲೈನುಮನೆಯಲ್ಲಿ ಹುಟ್ಟಿ ಬೆಳೆದವಳು. ಅವಳಪ್ಪ ಅಲ್ಲಿನ ಗಣಿಯಲ್ಲಿ ದುಡಿದವರು. ಬಟ್ಟೆ ಕಟ್ಟಿ ಮುಗಿಸಿದ ಮೇಲೆ ಗಾಡಿಯ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ತಲೆಗೆ ಹೆಲ್ಮೆಟ್ಟು, ಮೈಗೆ ದಪ್ಪ ಜಾಕೀಟು, ಕೈಗೆ ಗವಸು, ಇಷ್ಟೂ ಬಂದ ದಿನ ಕೀಲಿ ಕೊಡುವುದಾಗಿ ಹೇಳಿದಳು. ಏಪ್ರಿಲ್ ತಿಂಗಳು, ಕೋಲಾರ ಜಿಲ್ಲೆ, ಮಟಮಟ ಮಧ್ಯಾಹ್ನ, ಮೈಮೇಲೆ ಬನಿಯನ್ನೇ ಭಾರ ಎಂದು ನಾನು ವಾದಿಸಿದೆ. ಅವಳಪ್ಪ ಭೂಮಿಯ ಹೊಟ್ಟೆಯೊಳಗೆ, ಬಂಡೆಯೇ ಬೆವರುವ ಸೆಕೆಯಲ್ಲಿ, ಒಂದು ದಿನವೂ ತಲೆಯ ಟೋಪಿ ತೆಗೆಯಲಿಲ್ಲವಂತೆ. ನನಗೆ ಬಂಗಾರಪೇಟೆಯ ಬಿಸಿಲು ದೊಡ್ಡದಾಯಿತಾ ಎಂದು ಕೇಳಿದಳು. ಸತ್ತ ಮಾವನ ಜೊತೆ ವಾದ ಮಾಡಿ ಗೆದ್ದ ಅಳಿಯ ಯಾರಿದ್ದಾನೆ?

ರಾಬರ್ಟ್‌ಸನ್‌ಪೇಟೆಯ ಹೆಲ್ಮೆಟ್ಟಿನ ಅಂಗಡಿಗೆ ಇಬ್ಬರೂ ಹೋದೆವು. ಅಲ್ಲಿದ್ದವನ ಹೆಸರು ಸೆಲ್ವಂ. ನಮ್ಮ ಮುಖ ನೋಡಿ ಮೊದಲು ತಮಿಳಿನಲ್ಲಿ, ಆಮೇಲೆ ತೆಲುಗಿನಲ್ಲಿ, ಕೊನೆಗೆ ಕನ್ನಡದಲ್ಲಿ ಸ್ವಾಗತ ಮಾಡಿದ. ಮೂರು ಭಾಷೆಯಲ್ಲಿ ನಗುವವನನ್ನು ನಾನು ಮೂರು ಪಟ್ಟು ಅನುಮಾನಿಸುತ್ತೇನೆ. ಹೆಲ್ಮೆಟ್ಟು ಕೈಗೆ ಬಂದ ತಕ್ಷಣ ಹಿಂದೆ ಅಂಟಿಸಿದ್ದ ಐಎಸ್‌ಐ ಮುದ್ರೆಯ ಚೀಟಿಯನ್ನು ಉಗುರಿನಿಂದ ಕೆರೆದೆ. ಕಿತ್ತು ಬಂತು. ಸೆಲ್ವಂ ಬೆದರಲಿಲ್ಲ, ಕೆರೆದರೆ ನಮ್ಮ ಚರ್ಮವೂ ಬರುತ್ತದೆ, ಹಾಗಂತ ನಾವು ನಕಲಿಯಾ ಎಂದು ಕೇಳಿದ. ಉತ್ತರ ಚೆನ್ನಾಗಿತ್ತು, ಆದ್ದರಿಂದ ಆ ಹೆಲ್ಮೆಟ್ಟು ಬೇಡವೆಂದೆ. ಇನ್ನೊಂದು ತಂದ. ಬೆರಳಿನಲ್ಲಿ ತಟ್ಟಿ ಸದ್ದು ಕೇಳಿದೆ, ಮೂಸಿ ನೋಡಿದೆ, ತಲೆಗೆ ಹಾಕಿ ಎಡಕ್ಕೂ ಬಲಕ್ಕೂ ಅಲ್ಲಾಡಿಸಿದೆ. ತಲೆ ತಿರುಗಿದರೂ ಹೆಲ್ಮೆಟ್ಟು ಬೇರೆ ಕಡೆ ನೋಡುತ್ತಿದ್ದರೆ ಅದು ದೊಡ್ಡದು, ಕೆನ್ನೆ ಒತ್ತಿ ಮಾತು ತೊದಲಿದರೆ ಸರಿಯಾದದ್ದು ಎಂದು ಅವನೇ ಹೇಳಿಕೊಟ್ಟ. ತೊದಲಿದೆ. ಸರೋಜ ಬಹಳ ಹೊತ್ತು ನನ್ನನ್ನು ಮಾತಾಡಿಸುತ್ತಲೇ ಇದ್ದಳು, ಅವಳಿಗೆ ಅದು ಹಿಡಿಸಿತ್ತೆಂದು ಕಾಣುತ್ತದೆ.

ಜಾಕೀಟಿನ ವಿಷಯಕ್ಕೆ ಬಂದಾಗ ನಿಜವಾದ ಕುಸ್ತಿ ಶುರುವಾಯಿತು. ಚರ್ಮದ್ದು ಬೇಸಿಗೆಗೆ ಆಗುವುದಿಲ್ಲ, ಬೆಂದುಹೋಗುತ್ತೀರಿ ಎಂದು ಸೆಲ್ವಂ ಇನ್ನೊಂದು ತೆಗೆದ. ಅದು ಎದೆ, ಬೆನ್ನು, ತೋಳು ಎಲ್ಲಾ ಕಡೆ ಸಾರಣಿಗೆಯ ಹಾಗೆ ತೂತು ತೂತು. ಭುಜಕ್ಕೂ ಮೊಣಕೈಗೂ ಮಾತ್ರ ಒಳಗೆ ಗಟ್ಟಿ ಬಿಲ್ಲೆ. ಚರ್ಮದ್ದಕ್ಕೂ ಇದಕ್ಕೂ ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಬಟ್ಟೆ ಅರ್ಧ, ತೂತು ಅರ್ಧ, ಆದರೆ ಹಣ ಪೂರ್ತಿ. ಅರ್ಧ ಲೀಟರ್ ಹಾಲಿಗೆ ಅರ್ಧ ಲೀಟರ್ ನೀರು ಬೆರೆಸಿ ಒಂದು ಲೀಟರಿನ ಬೆಲೆ ಕೇಳುವವರನ್ನು ನಾನು ಏನೆಂದು ಕರೆಯುತ್ತೇನೋ ಅದನ್ನು ಅವನಿಗೆ ಮೆಲ್ಲಗೆ ಹೇಳಿದೆ.

"ಸಾರ್, ನೀವು ತೂತು ನೋಡ್ತಾ ಇದೀರ. ಗಾಡಿ ಓಡಿದ್ರೆ ಅದೇ ಗಾಳಿ," ಎಂದ ಸೆಲ್ವಂ.

ಓಡದಿದ್ದರೆ ಏನು ಎಂದು ನಾನು ಕೇಳಲಿಲ್ಲ. ಬಿದ್ದಾಗ ತೂತಿನ ಮೂಲಕ ರಸ್ತೆಯೂ ಒಳಗೆ ಬರುವುದಿಲ್ಲವೇ ಎಂದಷ್ಟೇ ಕೇಳಿದೆ. ಹೊರಗೆ ಟಾರಿನ ಮೇಲೆ ಒಂದು ತೋಳನ್ನು ಉಜ್ಜಿ ನೋಡಲು ಬಿಡುತ್ತೀಯಾ ಎಂದೆ. ಅವನು ಅಷ್ಟರಲ್ಲಿ ನನ್ನ ಜೊತೆ ಮಾತು ಬಿಟ್ಟು ಸರೋಜಳ ಕಡೆ ತಿರುಗಿದ್ದ. ಅವಳು ತೋಳನ್ನು ಎರಡು ಕೈಯಲ್ಲಿ ಹಿಡಿದು ಬಲವಾಗಿ ಎಳೆದಳು, ಹೊಲಿಗೆ ಬಿಡುತ್ತದೋ ಎಂದು ನೋಡಿದಳು, ನನ್ನ ಗಾಯದ ಮೊಣಕೈ ಹಿಡಿದು ಬಿಲ್ಲೆ ಸರಿಯಾಗಿ ಅದರ ಮೇಲೆ ಕೂರುತ್ತದೋ ಇಲ್ಲವೋ ಎಂದು ಒತ್ತಿದಳು. ನಾನು ಅಯ್ಯೋ ಎಂದೆ. ಸರಿಯಾಗಿ ಕೂರುತ್ತದೆ ಎಂದು ತೀರ್ಮಾನಿಸಿದಳು. ನಮ್ಮ ಮನೆಯಲ್ಲಿ ಇಬ್ಬರು ಪರೀಕ್ಷಕರಿದ್ದಾರೆ ಎಂಬುದು ನನಗೆ ಆಗಲೇ ಹೊಳೆಯಬೇಕಿತ್ತು.

ಮಾರನೆಯ ದಿನ ಇಷ್ಟನ್ನೂ ತೊಟ್ಟು ಡೇರಿಗೆ ಹೋದೆ. ಕಪ್ಪು ಜಾಕೀಟು, ಕಪ್ಪು ಹೆಲ್ಮೆಟ್ಟು, ಕಪ್ಪು ಗವಸು. ಊರ ನಾಯಿಗಳು ಹಿಂದೆ ಬಿದ್ದವು. ಹಾಲು ಹಾಕಲು ಬರುವವರಲ್ಲಿ ಮುನಿಯಮ್ಮ ಎಂಬಾಕೆ ಇದ್ದಾಳೆ, ಅವಳಿಗೂ ನನಗೂ ಇಪ್ಪತ್ತು ವರ್ಷದ ನೀರಿನ ವ್ಯಾಜ್ಯ. "ಏನ್ ಸಾಮೀ, ಜೇನು ಕೀಳಕ್ಕೆ ಒಂಟ್ರಾ?" ಎಂದಳು. ಸರದಿಯಲ್ಲಿದ್ದವರೆಲ್ಲ ನಕ್ಕರು. ಅದನ್ನಾದರೂ ಸಹಿಸಬಹುದಿತ್ತು. ಹನ್ನೊಂದಕ್ಕೆ ಬಂಗಾರಪೇಟೆಗೆ ಹೊರಟಾಗ ಸೆಲ್ವಂ ಹೇಳಿದ್ದು ನಿಜವೆಂದು ಗೊತ್ತಾಯಿತು. ಗಾಡಿ ಓಡುವಷ್ಟು ಹೊತ್ತು ತೂತುಗಳಲ್ಲಿ ಗಾಳಿ ನುಗ್ಗುತ್ತಿತ್ತು. ಆದರೆ ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಗಾಡಿ ನಿಂತದ್ದೇ ತಡ, ಗಾಳಿ ನಿಂತಿತು. ಮುಂದೆ ಒಂದು ಗೂಡ್ಸು ಸಾವಕಾಶವಾಗಿ, ಡಬ್ಬಿ ಡಬ್ಬಿ ಎಣಿಸಿಕೊಂಡು ಹೋಗುತ್ತಿತ್ತು. ನಾನು ಹಬೆಯಲ್ಲಿಟ್ಟ ಇಡ್ಲಿಯಂತೆ ಬೆಂದೆ. ಪಕ್ಕದಲ್ಲಿ ಬನಿಯನ್ ಲುಂಗಿಯಲ್ಲಿ ಸ್ಕೂಟರ್ ನಿಲ್ಲಿಸಿಕೊಂಡಿದ್ದವನೊಬ್ಬ ನನ್ನನ್ನು ಕನಿಕರದಿಂದ ನೋಡಿ, ಮೈಗೆ ಹುಷಾರಿಲ್ಲವಾ ಎಂದು ಕೇಳಿದ.

ನಾಲ್ಕು ದಿನ ಹೀಗೆ ಬೆಂದೆ. ಐದನೆಯ ದಿನ ಊರ ಗಡಿ ದಾಟಿದ ಮೇಲೆ ಜಾಕೀಟು ಬಿಚ್ಚಿ ಸ್ಯಾಂಪಲ್ ಪೆಟ್ಟಿಗೆಯ ಮೇಲೆ ಕಟ್ಟಿದೆ. ಹೆಲ್ಮೆಟ್ಟು ಮಾತ್ರ ತೆಗೆಯಲಿಲ್ಲ. ಅಷ್ಟು ಬುದ್ಧಿ ಇತ್ತು, ಅಥವಾ ಪೊಲೀಸರ ಭಯವಿತ್ತು. ಆಹಾ, ಅಂಗಿಯೊಳಗೆ ಗಾಳಿ ತುಂಬಿಕೊಂಡಾಗ ಆದ ಸುಖವನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ವಾಪಸು ಬರುವಾಗ ಊರ ಹತ್ತಿರ ನಿಲ್ಲಿಸಿ ಮತ್ತೆ ತೊಟ್ಟುಕೊಂಡೆ. ಮನೆಯಲ್ಲಿ ಸರೋಜ ಜಾಕೀಟನ್ನು ಕೈಗೆ ತೆಗೆದುಕೊಂಡು, ಒಳಮೈಯನ್ನು ಮುಟ್ಟಿ ನೋಡಿ, ಇವತ್ತು ಬೆವರೇ ಇಲ್ಲವಲ್ಲ ಎಂದಳು. ಗಾಳಿ ಚೆನ್ನಾಗಿತ್ತು ಎಂದೆ. ಅವಳು ಹೂಂ ಅಂದಳು. ಆ ಹೂಂಕಾರ ನನಗೆ ಪರಿಚಿತ. ಮುನಿಯಮ್ಮ ದೇವರ ಮೇಲೆ ಆಣೆ ಇಟ್ಟಾಗ ನಾನು ಹಾಗೆಯೇ ಅನ್ನುತ್ತೇನೆ. ಆಗ ನೆನಪಾಯಿತು, ಗಣಿಯಿಂದ ಮೇಲೆ ಬಂದವರನ್ನು ಚಿನ್ನಕ್ಕಾಗಿ ಮೈಯೆಲ್ಲ ತಡಕಿ ಹೊರಗೆ ಬಿಡುತ್ತಿದ್ದರಂತೆ. ಅಪ್ಪ ದಿನವೂ ತಡಕಿಸಿಕೊಂಡು ಬರುವುದನ್ನು ಕೇಳಿ ಬೆಳೆದ ಮಗಳು ಅವಳು. ತಡಕುವುದು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಮುಂದೆ ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ. ಊರ ಅಂಚಿನಲ್ಲಿ ದನ ನೀರು ಕುಡಿಯುವ ತೊಟ್ಟಿಯೊಂದಿದೆ. ಮಾರನೆಯ ದಿನ ಬಂಗಾರಪೇಟೆಯಿಂದ ಬರುವಾಗ ಅಲ್ಲಿ ಗಾಡಿ ನಿಲ್ಲಿಸಿ, ಆಚೀಚೆ ನೋಡಿ, ಕೈಯಲ್ಲಿ ನೀರೆತ್ತಿ ಜಾಕೀಟಿನ ಒಳಗೆ ಚಿಮುಕಿಸಿದೆ. ಎಷ್ಟು ಹಾಕಿದರೆ ಬೆವರಿನಂತೆ ಕಾಣುತ್ತದೆ ಎಂಬ ಅಂದಾಜು ನನಗೆ ಚೆನ್ನಾಗಿಯೇ ಇತ್ತು. ಜಾಸ್ತಿ ಹಾಕಿದವರು ಸಿಕ್ಕಿಬೀಳುವುದನ್ನು ದಿನಾ ನೋಡುವವನಲ್ಲವೇ. ಕಂಕುಳಿಗೆ ಹೆಚ್ಚು, ಬೆನ್ನಿಗೆ ಹದವಾಗಿ, ಕುತ್ತಿಗೆಗೆ ಸ್ವಲ್ಪ. ತೊಟ್ಟುಕೊಂಡು ಮನೆಗೆ ಹೋದೆ. ಅಷ್ಟು ದೂರ ಮೈ ತಣ್ಣಗಿತ್ತು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಸರೋಜ ಜಾಕೀಟು ತೆಗೆದುಕೊಂಡಳು. ಒಳಗೆ ಬೆರಳು ಒರೆಸಿದಳು. ಆ ಬೆರಳನ್ನು ನಾಲಿಗೆಗೆ ಇಟ್ಟಳು. ಇಪ್ಪತ್ತು ವರ್ಷದಲ್ಲಿ ಗಾಜಿನ ಕಡ್ಡಿ ಇಲ್ಲದೆ ಪರೀಕ್ಷೆ ಮಾಡುವುದನ್ನು ನಾನು ಕಂಡಿರಲಿಲ್ಲ.

"ಉಪ್ಪೇ ಇಲ್ಲ," ಎಂದಳು.

ನಮ್ಮ ಡೇರಿಯಲ್ಲಿ ಹಾಲು ತೆಳ್ಳಗಾದಾಗ ಎಲ್ಲರೂ ಹೇಳುವ ಮಾತೊಂದಿದೆ: ಹಸು ಇವತ್ತು ನೀರು ಜಾಸ್ತಿ ಕುಡಿದಿತ್ತು ಸಾಮಿ. ಅದನ್ನು ಕೇಳಿ ಕೇಳಿ ನನ್ನ ಕಿವಿ ಸವೆದುಹೋಗಿದೆ. ಈಗ ನನ್ನ ಬಾಯಿಂದ ಏನು ಬಂತೆಂದರೆ, ನಾನು ಇವತ್ತು ನೀರು ಜಾಸ್ತಿ ಕುಡಿದಿದ್ದೆ. ಸರೋಜ ನನ್ನ ಕುತ್ತಿಗೆಯ ಕಡೆ ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನೂ ಕತ್ತು ಮುಟ್ಟಿಕೊಂಡೆ. ತೊಟ್ಟಿಯ ಪಾಚಿಯ ಒಂದು ಎಳೆ ಬೆರಳಿಗೆ ಅಂಟಿಕೊಂಡು ಬಂತು. ಇನ್ನು ಬಯ್ಯುತ್ತಾಳೆ, ಕೀಲಿ ಕಿತ್ತುಕೊಳ್ಳುತ್ತಾಳೆ, ನಾಳೆಯಿಂದ ಬಸ್ಸು, ಬಸ್ಸಾದರೆ ಪಕ್ಕದೂರಿನ ಡೇರಿಯೂ ಹೋಯಿತು ಎಂದು ನಿಂತಿದ್ದೆ. ಅವಳು ಜಾಕೀಟನ್ನು ಮಡಿಲಲ್ಲಿ ಇಟ್ಟುಕೊಂಡು ಜಗಲಿಯ ಮೇಲೆ ಕೂತುಬಿಟ್ಟಳು. ಕಣ್ಣು ತುಂಬಿತ್ತು.

"ಆಲಿಗೆ ನೀರು ಆಕ್ದೋರು ಊರಿಗೆ ಮೋಸ ಮಾಡ್ತಾರೆ ಅಂತೀರ. ನೀವು ಯಾರ್ಗೆ ಮಾಡಿದ್ರಿ, ಏಳಿ. ನೀವು ಬತ್ತೀರೋ ಇಲ್ಲೋ ಅಂತ ಬಾಗ್ಲಾಗೆ ನಿಂತಿರೋಳು ನಾನು."

ಬಹಳ ಬೇಜಾರಾಯಿತು. ಸೆಕೆ ತಡೆಯಲಾಗದೆ ಹಾಗೆ ಮಾಡಿದೆ ಎಂದು ನಿಜ ಹೇಳಿದೆ. ಗೇಟಿನ ಕಥೆ, ಗೂಡ್ಸಿನ ಕಥೆ, ಮುನಿಯಮ್ಮನ ಕಥೆ ಎಲ್ಲಾ ಹೇಳಿದೆ. ಒದ್ದೆ ಜಾಕೀಟು ತಣ್ಣಗಿತ್ತು ಎಂಬುದನ್ನೂ ಹೇಳಿದೆ. ಅವಳು ಕಣ್ಣೊರೆಸಿಕೊಂಡು, ಅದೊಂದನ್ನು ಮಾತ್ರ ಇನ್ನೊಮ್ಮೆ ಹೇಳಿಸಿದಳು.

ಮಾರನೆಯ ದಿನ ಹನ್ನೊಂದು ಗಂಟೆಗೆ ನಾನು ಹೊರಡುವ ಹೊತ್ತಿಗೆ ಸರೋಜ ನನ್ನ ಹತ್ತಿಯ ಅಂಗಿಯನ್ನೂ ಜಾಕೀಟನ್ನೂ ಬಕೀಟಿನಲ್ಲಿ ಅದ್ದಿ, ಹಿಂಡಿ, ತಾನೇ ನನಗೆ ತೊಡಿಸಿದಳು. ನೀರು ಹಾಕುವುದೇ ಆದರೆ ಹೊರಡುವಾಗಲೇ ಹಾಕಿಕೊಂಡು ಹೋಗಿ ಎಂದಳು. ಹಾಲಿನ ಪರೀಕ್ಷಕನ ಮನೆಯಲ್ಲಿ ಹಾಡಹಗಲೇ ನೀರು ಬೆರೆಸುವ ಕೆಲಸ ಶುರುವಾದದ್ದು ಹೀಗೆ. ತೂತುಗಳಲ್ಲಿ ನುಗ್ಗಿದ ಗಾಳಿ ಒದ್ದೆ ಅಂಗಿಗೆ ತಗುಲಿ ಮೈ ಜುಮ್ಮೆಂದಿತು. ಗೇಟಿನಲ್ಲೂ ಮೊದಲಿನಷ್ಟು ಬೇಯಲಿಲ್ಲ. ಆದರೆ ಹೊರಡುವ ಮುಂಚೆ ನನಗೊಂದು ಅನುಮಾನ ಬಂದು ಕೇಳಿಯೇಬಿಟ್ಟಿದ್ದೆ. ಮೊದಲೇ ಒದ್ದೆ ಮಾಡಿ ಕಳಿಸಿದರೆ, ದಾರಿಯಲ್ಲಿ ನಾನು ಇದನ್ನು ತೊಟ್ಟಿದ್ದೆನೋ ಬಿಚ್ಚಿದ್ದೆನೋ ನಿನಗೆ ಹೇಗೆ ತಿಳಿಯುತ್ತದೆ ಎಂದು.

"ತಿಳಿಯಲ್ಲ. ನಂಬ್ತೀನಿ, ಓಗ್ಬನ್ನಿ," ಎಂದಳು.

ಅಂದಿನಿಂದ ಒಂದು ದಿನವೂ ಜಾಕೀಟು ಬಿಚ್ಚಿಲ್ಲ. ಗೇಟು ಅರ್ಧ ಗಂಟೆ ಹಾಕಿದ್ದರೂ, ಒಂದರ ಹಿಂದೆ ಒಂದು ಎರಡು ಗೂಡ್ಸು ಹೋದರೂ, ಜಾಕೀಟಿನ ಜಿಪ್ಪಿಗೆ ಕೈ ಹೋಗುವುದಿಲ್ಲ. ಅವಳು ದಿನವೂ ಪರೀಕ್ಷೆ ಮಾಡುತ್ತಿದ್ದರೆ ಏನಾದರೂ ಉಪಾಯ ಹೂಡಬಹುದಿತ್ತು, ಬೆವರಿಗೆ ಬೇಕಾದರೆ ಒಂದು ಚಿಟಿಕೆ ಉಪ್ಪು ಬೆರೆಸಬಹುದಿತ್ತು. ನಂಬಿದವರಿಂದ ತಪ್ಪಿಸಿಕೊಳ್ಳುವ ದಾರಿ ಮಾತ್ರ ಇಪ್ಪತ್ತು ವರ್ಷದ ಅನುಭವದಲ್ಲೂ ನನಗೆ ಹೊಳೆಯುತ್ತಿಲ್ಲ. ಇಷ್ಟು ಬಲವಾದ ಮದ್ದಾದರೆ ಡೇರಿಯಲ್ಲೂ ಒಂದು ಸಲ ಮಾಡಿ ನೋಡೋಣವೆಂದು, ಮೊನ್ನೆ ಮುನಿಯಮ್ಮ ಕ್ಯಾನು ಇಟ್ಟಾಗ ಗಾಜಿನ ಕಡ್ಡಿಯನ್ನು ಪಕ್ಕಕ್ಕಿಟ್ಟು, "ಬೇಡ ಬಿಡಮ್ಮ, ನಿನ್ನನ್ನ ನಂಬ್ತೀನಿ" ಎಂದೆ. ಮುನಿಯಮ್ಮ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕ್ಯಾನು ಎತ್ತಿಕೊಂಡು ಮನೆಗೆ ಹೋಗಿ, ಬೇರೆ ಹಾಲು ತಂದಳು.

ಅವಳ ಬೆನ್ನು ಮರೆಯಾದ ಮೇಲೆ ನಾನು ಅದಕ್ಕೂ ಕಡ್ಡಿ ಮುಳುಗಿಸಿ ನೋಡಿದೆ.